ಒಂದೇ ಮೂತಿಯ ಎರಡು ಎಂಜಿನ್

"ಎರಡೂ ಒಂದೇ ಅದಾವಲ್ರಿ ಸೌಭಾಗ್ಯಮ್ಮ! ಅದಕ್ಕೂ ಅದೇ ಮೂತಿ, ಇದಕ್ಕೂ ಅದೇ ಮೂತಿ. ಬಣ್ಣ ಸೈತ ಒಂದೇ ಡಬ್ಬಿಯಾಗಿಂದು. ಇದರಾಗ ನಿಮಗ ಯಾವ ಫರಕು ಕಂಡೈತಿ?"

ಕೊಟ್ಟೂರು ಠಾಣೆಯ ಎಎಸ್‌ಐ ಹಾಲೇಶಪ್ಪ ಟೋಪಿ ತೆಗೆದು, ಕರವಸ್ತ್ರದಿಂದ ತಲೆ ಒರೆಸಿಕೊಂಡರು. ಶನಿವಾರದ ಮೂರೂವರೆಯ ಬಿಸಿಲು. ರೈಲು ನಿಲ್ದಾಣದ ಪ್ಲಾಟ್‌ಫಾರಂ ಮುಗಿದು ನೆಲಕ್ಕೆ ಇಳಿಯುವ ತುದಿಯಲ್ಲಿ ಅವರು ನಿಂತಿದ್ದರು. ಎದುರಿಗೆ ಒಂದು ಗೂಡ್ಸ್ ಗಾಡಿ. ಅದರ ತಲೆಗೆ ಎರಡು ಡೀಸೆಲ್ ಎಂಜಿನ್‌ಗಳು ಒಂದರ ಬೆನ್ನಿಗೊಂದು ಕೊಂಡಿ ಹಾಕಿಕೊಂಡು, ಸಿಗ್ನಲ್ಲಿಗೆ ಕಾಯುತ್ತ, ಗುಡುಗುಡು ಎಂದು ಹೊಟ್ಟೆ ಕುಲುಕಿಸುತ್ತಿದ್ದವು.

"ಸಿಗ್ನಲ್ ಬೀಳಾಕ ಇನ್ನ ಅರ್ಧ ತಾಸು ಐತ್ರಿ ಸಾಹೇಬ್ರ," ಎಂದಳು ಸೌಭಾಗ್ಯ. "ಅಷ್ಟರಾಗ ನಿಮಗ ಕಲಿಸಿಬಿಡ್ತೀನಿ."

ಗುರುವಾರ ಮಧ್ಯಾಹ್ನ ಹನ್ನೆರಡರಿಂದ ಒಂದರೊಳಗೆ, ಕೊಟ್ಟೂರಿನ ರೈಲ್ವೆ ಗೇಟಿನ ಪಕ್ಕದ ಹೊಲದಿಂದ, ಗುಡೇಕೋಟೆಯ ಕುರಿಗಾರ ಉಚ್ಚಂಗೆಪ್ಪನ ಟಗರು 'ಸರದಾರ' ಮಾಯವಾಗಿತ್ತು. ಅನುಮಾನವೆಲ್ಲ ಚಿಗಟೇರಿಯ ಹುಡುಗ ಬೀರಲಿಂಗೇಶನ ಮೇಲೆ ಬಿದ್ದು, ಅವನನ್ನು ಠಾಣೆಯಲ್ಲಿ ಕೂರಿಸಿದ್ದರು. ಬರುವ ಬುಧವಾರ ಉಚ್ಚಂಗೆಪ್ಪನ ಮಗಳು ಮೇಘಾಳ ಕೊರಳಿಗೆ ತಾಳಿ ಕಟ್ಟಬೇಕಾದವನೂ ಅವನೇ.

ಆ ಹುಡುಗ ಅಂದು ಹೊಲದ ಬದುವಿನಲ್ಲಿ ಬೈಕ್ ನಿಲ್ಲಿಸಿದ್ದನ್ನು ಕಂಡವಳು ಗೇಟ್ ಕಾಯುವ ಸೌಭಾಗ್ಯ ಒಬ್ಬಳೇ. ಪೊಲೀಸರು ಕೇಳಿದಾಗ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಹೇಳಿದ ಮೇಲೆ ಎರಡು ದಿನ ಆಕೆಯ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. "ಮೇಘಾನ್ನ ದೂರದಿಂದ ಒಂದು ಸಲ ನೋಡಿ ಹೋಗಾಕ ಬಂದಿದ್ದೆ ಅಕ್ಕಾ," ಎಂದಿದ್ದ ಹುಡುಗನ ಮಾತನ್ನು ಆಕೆ ನಂಬಿದ್ದಳು. ಆದರೆ ನಂಬಿಕೆಯನ್ನು ಠಾಣೆಯ ಕಡತಕ್ಕೆ ಪಿನ್ನು ಹಾಕಿ ಸೇರಿಸಲು ಬರುವುದಿಲ್ಲವಲ್ಲ.

ಇನ್ನೊಬ್ಬ ಇದ್ದ. ಹರಪನಹಳ್ಳಿಯ ಕುರಿ ದಲ್ಲಾಳಿ ಕನಕರಾಜ. ಸರದಾರನನ್ನು ಕೊಡು ಎಂದು ಮೂರು ಸಲ ಕೇಳಿ, ಮೂರು ಸಲವೂ ಉಚ್ಚಂಗೆಪ್ಪನಿಂದ ಬೈಸಿಕೊಂಡವನು. ಅವನನ್ನು ಯಾರೂ ಮುಟ್ಟುವಂತಿರಲಿಲ್ಲ. ಗುರುವಾರ ಹನ್ನೆರಡೂವರೆಗೆ ಹರಪನಹಳ್ಳಿ ಸ್ಟೇಷನ್ನಿನಲ್ಲಿ, ಹಳಿಗೆ ಜಲ್ಲಿ ಸುರಿಯಲು ಬಂದಿದ್ದ ಗಾಡಿಯ ಎಂಜಿನ್ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದ. ಅದೇ ಗಳಿಗೆಗೆ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ. ನೋಡಿದ ಇಪ್ಪತ್ತು ಮಂದಿ ಸಾಕ್ಷಿ ಇದ್ದರು. ಅಂದು ಜಲ್ಲಿ ಗಾಡಿ ಹರಪನಹಳ್ಳಿಯಲ್ಲಿ ಮಧ್ಯಾಹ್ನದವರೆಗೆ ನಿಂತದ್ದೂ ನಿಜ.

ಅದೇ ಫೋಟೋ ಈಗ ಹಾಲೇಶಪ್ಪನವರ ಫೋನಿನಲ್ಲಿತ್ತು. ಗುಲಾಬಿ ರುಮಾಲು, ಎತ್ತಿದ ಎರಡೂ ಹೆಬ್ಬೆರಳು, ಹಲ್ಲು ಬಿಟ್ಟ ನಗು. ಹಿಂದೆ ಎಂಜಿನ್. ಎಂಜಿನ್ನಿನ ನಂಬರು ಇರಬೇಕಾದ ಜಾಗಕ್ಕೆ ಸರಿಯಾಗಿ ರುಮಾಲು ಕೂತಿತ್ತು.

ಬೆಳಿಗ್ಗೆ ಗೇಟಿಗೆ ಬಂದ ಮೇಘಾ ಆ ಫೋಟೋ ತೋರಿಸಿದಾಗ ಸೌಭಾಗ್ಯ ಎರಡು ಸಲ ನೋಡಿ, ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು, "ಈ ಎಂಜಿನ್ ಗುರುವಾರ ಬಂದೇ ಇಲ್ಲವ್ವಾ," ಎಂದಿದ್ದಳು. ಎರಡು ಗಂಟೆಗೆ ಡ್ಯೂಟಿ ಮುಗಿಸಿದವಳೇ ಸೀದಾ ಠಾಣೆಗೆ ಹೋಗಿದ್ದಳು.

"ಹೇಳ್ರಿ," ಎಂದರು ಹಾಲೇಶಪ್ಪ. "ಆದ್ರ ಇಂಗ್ಲಿಷ್ ಅಕ್ಷರ ಜಾಸ್ತಿ ಹೇಳಬ್ಯಾಡ್ರಿ. ತಲಿ ತಿರುಗ್ತೈತಿ."

"ಗೇಟ್ ಕಾಯೋರಿಗೆ ಒಂದು ಕಾನೂನು ಐತ್ರಿ. ಗಾಡಿ ದಾಟುವಾಗ ಬಾವುಟ ಹಿಡಕೊಂಡು ನಿಂತು ಗಾಲಿ ನೋಡಬೇಕು. ಎಲ್ಲಾರ ಏನಾರ ಜೋತು ಬಿದ್ದೈತೇನು, ಗಾಲಿ ಕಾದು ಹೊಗಿ ಬರಾಕತ್ತೈತೇನು ಅಂತ. ನೀವೆಲ್ಲ ಎಂಜಿನ್ನಿನ ಮೂತಿ ನೋಡ್ತೀರಿ. ನಾ ಹದಿನಾಕು ವರ್ಷದಿಂದ ಕಾಲು ನೋಡೀನಿ."

ಆಕೆ ಮುಂದಿನ ಎಂಜಿನ್ನಿನ ಕಡೆ ಕೈ ತೋರಿಸಿದಳು. "ಕೆಳಗ ನೋಡ್ರಿ. ಈ ಕಡಿ ಮೂರು ಗಾಲಿ, ಆ ಕಡಿ ಮೂರು ಗಾಲಿ. ಈ ಮೂರರಾಗ ಎರಡು ಒಂದಕ್ಕೊಂದು ಒತ್ತಿ ಕುಂತಾವ. ಮೂರನೇದು ದೂರ ಸರದೈತಿ. ಬಸ್ಸಿನ ಮೂರು ಮಂದಿ ಸೀಟಿನಾಗ ಹೊಸಾ ಗಂಡ ಹೆಂಡ್ತಿ ಒತ್ತಿ ಕುಂತು, ಗುರುತಿಲ್ಲದಾವ ತುದಿಗೆ ಕುಂತಂಗ."

ಹಾಲೇಶಪ್ಪ ಕಣ್ಣು ಕಿರಿದು ಮಾಡಿದರು. "ಹೂಂ... ಹೂಂ! ಹೌದಲ್ರಿ!"

"ಈಗ ಹಿಂದಿನದರ ಕಾಲು ನೋಡ್ರಿ."

ಹಾಲೇಶಪ್ಪ ನಾಲ್ಕು ಹೆಜ್ಜೆ ಮುಂದೆ ಹೋದರು. ಲಾಠಿಯನ್ನು ಕಣ್ಣಿನ ಮುಂದೆ ಅಡ್ಡ ಹಿಡಿದು, ಅದರ ಮೇಲೆ ಹೆಬ್ಬೆರಳು ಸರಿಸಿ ಸರಿಸಿ ಅಳೆದರು. ಒಂದು ಸಂದು, ಇನ್ನೊಂದು ಸಂದು. ಅವರ ಮುಖದಲ್ಲಿ ನಿಧಾನವಾಗಿ ನಗು ಅರಳಿತು.

"ಸಮ ಅದಾವು! ಮೂರೂ ಸಮ!"

"ಬೀಗರು ಬಂದು ಜಮಖಾನದ ಮ್ಯಾಲ ಕುಂತಂಗ," ಎಂದಳು ಸೌಭಾಗ್ಯ. "ಮುಂದಿನದು ಎಂ, ಹಿಂದಿನದು ಜಿ. ಎಂ ಅನ್ನೋದು ಮಂದಿನೂ ಎಳೀತೈತಿ, ಮಾಲೂ ಎಳೀತೈತಿ. ಜಿ ಮಾಲಿಗಂತ್ಲೇ ಹುಟ್ಟಿದ್ದು. ಭಾರ ಎಳಿಯುವಾಗ ಗಾಲಿ ಜಾರಬಾರದು ಅಂತ ಅದಕ್ಕ ಬ್ಯಾರೆ ಕಾಲು ಕೊಟ್ಟಾರ. ಎರಡರ ಹೊಟ್ಟಿಯಾಗೂ ಒಂದೇ ಥರದ ಯಂತ್ರ. ಅದಕ್ಕ ದನಿ ಒಂದೇ, ಹೊಗಿ ಒಂದೇ. ಈಗ ಬರ್ತಾವಲ್ರಿ ಹೊಸ ನಮೂನಿ ಎಂಜಿನ್, ಜೇನುಗೂಡು ಗುಂಯ್ ಅಂದಂಗ ಅಂತಾವ, ಅವನ್ನ ಕಣ್ಣು ಮುಚ್ಚಿದ್ರೂ ಹೇಳಬಹುದು. ಇವು ಅಣ್ಣತಮ್ಮ. ಇವನ್ನ ಹೇಳಬೇಕಂದ್ರ ಕಣ್ಣು ಬೇಕು."

ಮುಂದಿನ ಎಂಜಿನ್ನಿನ ಕಿಟಕಿಯಿಂದ ಚಾಲಕ ಅಂಜಿನೇಯಲು ಅರ್ಧ ಮೈ ಹೊರಗೆ ಹಾಕಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. "ಕರೆಕ್ಟಮ್ಮಾ!" ಎಂದು ಕೂಗಿದ. "ನಮ್ಮ ಟ್ರೈನಿಂಗಿನಾಗ ಇದನ್ನ ಕಲ್ತುಕೊಳ್ಳೋಕೆ ನಂಗೆ ಎರಡು ವಾರ ಹಿಡೀತು. ಇನ್ನೊಂದು ಗುರುತು ಹೇಳು ನೋಡೋಣ!"

"ಜಿ ಎಂಜಿನ್ನಿಗೆ ಕ್ಯಾಬಿನ್ನಿನ ಮಗ್ಗುಲಾಗ, ಕೆನ್ನಿ ಉಬ್ಬಿದಂಗ, ಸಣ್ಣ ಪೆಟ್ಟಿಗಿ ಹೊರಗ ಚಾಚಿರ್ತಾವ. ಕೆಳಗ ಉದ್ದಕ್ಕೂ ದಪ್ಪನ ತೊಲಿ ಓಡಿರ್ತೈತಿ. ಎಂ ಎಂಜಿನ್ನಿಗೆ ಇಲ್ಲ."

"ಫಸ್ಟ್ ಕ್ಲಾಸ್!" ಅಂಜಿನೇಯಲು ಕಿಟಕಿಯ ತಗಡನ್ನು ಚಪ್ಪಾಳೆಯಂತೆ ಬಡಿದ. "ದಿನಾ ನಿನ್ನ ಗೇಟಿಗೆ ಹಾರನ್ ಹೊಡೀತೀನಿ. ನಾಳೆಯಿಂದ ಎರಡು ಸಲ ಹೊಡೀತೀನಿ!"

ಹಾಲೇಶಪ್ಪನವರಿಗೆ ಈಗ ಹುರುಪು ಹತ್ತಿಬಿಟ್ಟಿತ್ತು. ಒಮ್ಮೆ ಮುಂದಿನ ಎಂಜಿನ್ನಿಗೆ, ಒಮ್ಮೆ ಹಿಂದಿನದಕ್ಕೆ ಓಡಾಡಿದರು. "ಎಂ! ಒತ್ತಿ ಕುಂತಾವ! ಜಿ! ಬೀಗರು!" ಎಂದು ತಮಗೆ ತಾವೇ ಹೇಳಿಕೊಂಡರು. ಮೂವತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದ ಮನುಷ್ಯ ಹೊಸ ಆಟಿಕೆ ಸಿಕ್ಕವನಂತೆ ಜಲ್ಲಿಯ ಮೇಲೆ ಬಗ್ಗಿ ಬಗ್ಗಿ ನೋಡುವುದನ್ನು ಕಂಡು, ಪ್ಲಾಟ್‌ಫಾರಂ ಬೆಂಚಿನ ಮೇಲಿದ್ದ ಮೇಘಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೂರು ದಿನದಲ್ಲಿ ಆಕೆ ನಕ್ಕದ್ದು ಅದೇ ಮೊದಲು.

ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಉಚ್ಚಂಗೆಪ್ಪ ಮಾತ್ರ ನಗಲಿಲ್ಲ. "ಎಂಜಿನ್ ಪಾಠ ಆಮ್ಯಾಲ ಕಲೀರಿ. ನನ್ನ ಟಗರು ಎಲ್ಲೈತಿ ಹೇಳ್ರಿ," ಎಂದು ಗೊಣಗಿದ. ಅವನ ಮುನ್ನೂರೈವತ್ತು ಕುರಿ ಮುಂದಾಳು ಇಲ್ಲದೆ ಅದೇ ಹೊಲದಲ್ಲಿ ಬೀಡುಬಿಟ್ಟಿದ್ದವು. ಹಲವಾಗಲಿನ ಹೊಳೆದಂಡೆಯ ಹುಲ್ಲು ಇನ್ನೂ ಎರಡು ದಿನದ ದಾರಿ.

ಅಷ್ಟರಲ್ಲಿ ನಿಲ್ದಾಣದ ಹೊರಗೆ ಬೈಕ್ ನಿಂತ ಸದ್ದಾಯಿತು.

ಕನಕರಾಜ ಬಂದ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ, ಅದೇ ಗುಲಾಬಿ ರುಮಾಲು. ಅತ್ತರಿನ ವಾಸನೆ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಬಂತು.

"ನಮಸ್ಕಾರ ಸಾಹೇಬ್ರೆ. ಬಾ ಅಂದ್ರಿ, ಬಂದೆ. ಠಾಣೆ ಬಿಟ್ಟು ಸ್ಟೇಷನ್ನಿಗ್ಯಾಕೆ ಕರೆಸಿದ್ರಿ? ಊರು ಬಿಡಿಸ್ತೀರೇನು?" ಎಂದು ತಾನೇ ನಕ್ಕ.

ಹಾಲೇಶಪ್ಪ ಸೌಭಾಗ್ಯಳ ಕಡೆ ನೋಡಿ ತಲೆಯಾಡಿಸಿದರು. ಬಾವುಟ ಹಿಡಿದು ಅಭ್ಯಾಸವಾದ ಆಕೆಯ ಕೈಗೆ ಈಗ ಹಿಡಿಯಲು ಏನೂ ಇರಲಿಲ್ಲ. ಸೆರಗಿನ ತುದಿ ಹಿಡಿದುಕೊಂಡಳು.

"ಕನಕರಾಜಣ್ಣ, ಗುರುವಾರ ನೀವು ಫೋಟೋ ತೆಗೆಸಿಕೊಂಡ್ರಲ್ಲ, ಆ ಎಂಜಿನ್ ಇವೆರಡರಾಗ ಯಾವ ಥರದ್ದು?"

"ಏ, ಅದೇನ್ ಕೇಳ್ತಿಯವ್ವ. ಎಂಜಿನ್ ಎಂಜಿನ್ನೇ. ಎಲ್ಲಾ ಒಂದೇ ಥರ ಇರ್ತಾವೆ."

"ಹಂಗಾರ ಕುರಿನೂ ಎಲ್ಲಾ ಒಂದೇ ಥರ ಅನ್ರಿ."

ಕನಕರಾಜನಿಗೆ ಅದು ಸರಿಯಾದ ಜಾಗಕ್ಕೆ ಚುಚ್ಚಿತು. "ಅದೆಂಗಾಗ್ತೈತೆ? ಬಳ್ಳಾರಿ ಕುರಿಗೂ ಡೆಕ್ಕನಿ ಕುರಿಗೂ ಮಂದಿಗೆ ಫರಕ್ ಗೊತ್ತಾಗಲ್ಲ. ನಂಗೆ ನೂರು ಮಾರು ದೂರದಿಂದ ಗೊತ್ತಾಗ್ತೈತೆ. ಕಿವಿ ಬೀಳೋ ರೀತಿ ಬೇರೆ, ಮೂಗಿನ ಡೊಂಕು ಬೇರೆ. ಇಪ್ಪತ್ತು ವರ್ಷದ ಕಣ್ಣು ಇದು!"

"ನಂದೂ ಹದಿನಾಕು ವರ್ಷದ ಕಣ್ಣು," ಎಂದಳು ಸೌಭಾಗ್ಯ. ಸೆರಗಿನ ತುದಿ ಕೈಬಿಟ್ಟಳು. "ಗುರುವಾರ ಮುಂಜಾನೆ ಹತ್ತು ಇಪ್ಪತ್ತಕ್ಕ ಜಲ್ಲಿ ಗಾಡಿ ನನ್ನ ಗೇಟ್ ದಾಟಿ ಹರಪನಹಳ್ಳಿ ಕಡಿಗೆ ಹೋತು. ಅದರ ಎಂಜಿನ್ ಇದು, ಮುಂದ ನಿಂತೈತಲ್ಲ, ಈ ಜಾತಿದು. ಒತ್ತಿ ಕುಂತ ಗಾಲಿ. ನಿಮ್ಮ ಫೋಟೋದಾಗಿಂದು ಹಿಂದ ನಿಂತೈತಲ್ಲ, ಆ ಜಾತಿದು. ಸಮ ಕುಂತ ಗಾಲಿ, ಉಬ್ಬಿದ ಕೆನ್ನಿ. ನಿಮ್ಮ ರುಮಾಲು ನಂಬರ್ ಮುಚ್ಚೈತಿ. ಗಾಲಿ ಮುಚ್ಚಿಲ್ಲ."

ಕನಕರಾಜನ ನಗು ಮುಖದ ಮೇಲೆ ಹಾಗೇ ಇತ್ತು. ಆದರೆ ಅದರೊಳಗೆ ಯಾರೂ ಇರಲಿಲ್ಲ.

"ಹರಪನಹಳ್ಳಿಯಾಗ ಎಂಜಿನ್ ಬದ್ಲಿ ಮಾಡಿರಬಹುದಲ್ಲ?" ಎಂದ.

ಹಾಲೇಶಪ್ಪನವರಿಗೂ ಅದು ಹೌದೆನಿಸಿತು. ಸೌಭಾಗ್ಯಳ ಕಡೆ ತಿರುಗಿದರು.

"ಬದಲಿ ಮಾಡಾಕ ಅಲ್ಲಿ ಇನ್ನೊಂದು ಎಂಜಿನ್ ಎಲ್ಲಿತ್ರಿ? ಅದೇ ಗಾಡಿ ಒಂದು ಐವತ್ತಕ್ಕ ವಾಪಸ್ ನನ್ನ ಗೇಟಿನ ಮ್ಯಾಲೇ ಬಂತು. ಅದೇ ಎಂಜಿನ್. ನಾ ಹಸಿರು ಬಾವುಟ ತೋರಿಸೀನಿ." ಆಕೆ ಸ್ಟೇಷನ್ ಬಾಗಿಲಿನ ಕಡೆ ಕೈ ಮಾಡಿದಳು. "ನನ್ನ ಮಾತು ನಂಬಬ್ಯಾಡ್ರಿ. ಮಾಸ್ತರನ್ನ ಕೇಳ್ರಿ."

ಸ್ಟೇಷನ್ ಮಾಸ್ತರರು ಆಗಲೇ ದಪ್ಪ ವಹಿಯೊಂದನ್ನು ತೋಳಿನಡಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಈ ತಮಾಷೆ ಬಿಟ್ಟು ಒಳಗೆ ಕೂರಲು ಅವರಿಗೂ ಮನಸ್ಸಿರಲಿಲ್ಲ. ಬೆರಳಿಗೆ ಉಗುಳು ಹಚ್ಚಿ ಹಾಳೆ ಮಗುಚಿದರು.

"ಗುರುವಾರ... ಜಲ್ಲಿ ಗಾಡಿ... ಹೋಗುವಾಗ, ಬರುವಾಗ ಒಂದೇ ನಂಬರು. ಎಂ ತ್ರೀ ಎ." ಇನ್ನೆರಡು ಹಾಳೆ ಹಿಂದಕ್ಕೆ ಹೋದರು. "ಜಿ ತ್ರೀ ಎ, ಇವತ್ತಿಂದು ಬಿಟ್ಟರ, ಬಂದಿದ್ದು ಈ ತಿಂಗಳಾಗ ಒಂದೇ ಸಲ. ಹೋದ ಸೋಮವಾರ. ಅದೂ ಜಲ್ಲಿ ಗಾಡಿನೇ."

ಹಾಲೇಶಪ್ಪ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ಸೋಮವಾರದ ಫೋಟೋ," ಎಂದರು ಹಾಲೇಶಪ್ಪ, ಒಂದೊಂದೇ ಅಕ್ಷರ ಎತ್ತಿಟ್ಟ ಹಾಗೆ. "ಗುರುವಾರ ಸ್ಟೇಟಸ್ಸಿಗೆ. ಅಲ್ಲೇನಪ್ಪಾ ಕನಕರಾಜ?"

ಕನಕರಾಜ ರುಮಾಲು ತೆಗೆದ. ರುಮಾಲಿಲ್ಲದ ಅವನ ತಲೆ ಚಿಕ್ಕದಾಗಿ, ಪಾಪದ್ದಾಗಿ ಕಂಡಿತು.

"ಹೌದ್ರಿ," ಎಂದ.

ಮೇಘಾ ಬೆಂಚಿನಿಂದ ಹಾರಿ ಬಂದು ಸೌಭಾಗ್ಯಳನ್ನು ಎರಡೂ ತೋಳಿನಿಂದ ಅಪ್ಪಿಕೊಂಡಳು. "ಅಕ್ಕಾ! ಅಕ್ಕಾ!" ಮೇಲೆ ಕಿಟಕಿಯಲ್ಲಿದ್ದ ಅಂಜಿನೇಯಲು ಯಾರ ಕೇಸು, ಏನು ಕೇಸು ಒಂದೂ ಗೊತ್ತಿಲ್ಲದೆ ತಾನೂ "ಶಭಾಷ್!" ಎಂದು ಕೂಗಿದ. ಸೌಭಾಗ್ಯಳಿಗೆ ಎರಡು ದಿನದ ಹಸಿವು ಒಮ್ಮೆಲೇ ಹೊಟ್ಟೆಯಲ್ಲಿ ಎದ್ದಿತು. ಮಂಡಕ್ಕಿ ಮಿರ್ಚಿ ತಿನ್ನಬೇಕು, ಈಗಲೇ, ಎರಡು ಪ್ಲೇಟು, ಎನಿಸಿತು.

"ಬೀರಲಿಂಗೇಶನ್ನ ಮನಿಗೆ ಕಳಸ್ರಿ ಸಾಹೇಬ್ರ," ಎಂದಳು ಮೇಘಾ, ಕಣ್ಣೊರೆಸಿಕೊಳ್ಳುತ್ತ. "ಅವನ ಅವ್ವ ಮುಂಜಾನಿಂದ ಠಾಣೆ ಮುಂದ ಕುಂತಾಳ."

"ಕಳಸ್ತೀನವ್ವ. ನಾನೇ ಬೈಕ್ ಮ್ಯಾಲ ಬಿಟ್ಟು ಬರ್ತೀನಿ. ಆದ್ರ ಮೊದಲು ಇವನದು ಮುಗೀಲಿ." ಹಾಲೇಶಪ್ಪ ಕನಕರಾಜನ ಹೆಗಲ ಮೇಲೆ ಕೈ ಇಟ್ಟರು. "ಟಗರು ಎಲ್ಲೈತಿ?"

"ನಾ ಕದ್ದಿಲ್ರಿ! ನಮ್ಮ ಬೀರಪ್ಪ ದೇವ್ರ ಆಣೆ, ನಾ ಅದರ ಮೈ ಮುಟ್ಟಿಲ್ಲ."

"ಮತ್ತ ಈ ಸುಳ್ಳು ಯಾಕ ಬೇಕಾಗಿತ್ತು?"

ಕನಕರಾಜ ನೆಲ ನೋಡಿದ.

ಅದೇ ಹೊತ್ತಿಗೆ ಸಿಗ್ನಲ್ ಹಸಿರಾಯಿತು. ಅಂಜಿನೇಯಲು ಕೈ ಬೀಸಿದ. ಹಾರನ್ ಎರಡು ಸಲ ಮೊಳಗಿತು. ಎರಡೂ ಎಂಜಿನ್‌ಗಳು ಒಟ್ಟಿಗೇ ಕರಿಹೊಗೆ ಉಗುಳಿ ಮೆಲ್ಲಗೆ ಹೊರಟವು. ಸೌಭಾಗ್ಯ ಅಭ್ಯಾಸಬಲದಿಂದ ಹಳಿಯ ಕಡೆ ತಿರುಗಿ, ಕೊನೆಯ ಡಬ್ಬಿ ದಾಟುವವರೆಗೆ ಗಾಲಿಗಳನ್ನೇ ನೋಡುತ್ತ ನಿಂತಳು.

ಗಾಡಿಯ ಸದ್ದು ಅಡಗಿದಾಗ ಮೇಘಾ ಹಾಲೇಶಪ್ಪನವರ ಫೋನ್ ಕೈಯಲ್ಲಿ ಹಿಡಿದಿದ್ದಳು. ಅಕ್ಕ ಹೇಳಿದ ಸಮ ಗಾಲಿಗಳನ್ನು ತಾನೂ ಒಮ್ಮೆ ನೋಡೋಣವೆಂದು, ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ಅವಳ ಬೆರಳು ಥಟ್ಟನೆ ನಿಂತಿತು.

"ಅಕ್ಕಾ, ಇಲ್ಲಿ ನೋಡು. ಗಾಲಿ ಮುಗಿದು ಎಣ್ಣಿ ಟ್ಯಾಂಕ್ ಶುರುವಾಗೋ ಸಂದಿನಾಗ."

ಸೌಭಾಗ್ಯ ಬಗ್ಗಿ ನೋಡಿದಳು. ಕೊನೆಯ ಗಾಲಿಗೂ ಟ್ಯಾಂಕಿಗೂ ನಡುವೆ ಒಂದು ಗೇಣು ಬೆಳಕು. ಆ ಬೆಳಕಿನಲ್ಲಿ, ಎಂಜಿನ್ನಿನ ಆಚೆ ಬದಿಯಲ್ಲಿ, ಎರಡು ಕಪ್ಪು ಕಾಲು. ಮನುಷ್ಯನದಲ್ಲ. ಎಡಗಾಲಿನ ಗೊರಸಿನ ಮೇಲೆ ಏನೋ ಹಳದಿಯಾಗಿ ಮಿಂಚುತ್ತಿತ್ತು.

"ಹಿತ್ತಾಳಿ ಕಡಗ," ಎಂದಳು ಮೇಘಾ. "ಸರದಾರನ ಕಡಗ. ನಾನೇ ಹುಣಿಸೆಹಣ್ಣು ಹಚ್ಚಿ ತಿಕ್ಕತೀನಿ, ನನಗ ಗೊತ್ತಿಲ್ಲೇನು?"

ಹಾಲೇಶಪ್ಪ ಫೋನನ್ನು ಫಕ್ಕನೆ ಕಸಿದುಕೊಂಡು ನೋಡಿದರು. "ಸಿಕ್ಕಿಬಿದ್ದೆ ಮಗನ! ಟಗರು ನಿನ್ನ ಹಿಂದೇ ನಿಂತೈತಲ್ಲೋ!"

"ತಡೀರಿ ಸಾಹೇಬ್ರ," ಎಂದಳು ಸೌಭಾಗ್ಯ. ಆಕೆಯ ಹಣೆ ಗಂಟಿಕ್ಕಿತ್ತು. "ಇದು ಸೋಮವಾರದ ಫೋಟೋ. ಟಗರು ಹೋಗಿದ್ದು ಗುರುವಾರ. ಉಚ್ಚಂಗೆಪ್ಪಜ್ಜ, ಸೋಮವಾರ ಸರದಾರ ಎಲ್ಲಿದ್ದ?"

"ಎಲ್ಲಿರ್ತಾನ? ಗುಡೇಕೋಟೆಯಾಗ, ನನ್ನ ಅಂಗಳದಾಗ. ನನ್ನ ಕೈಯಾಗ ಜೋಳ ತಿಂದಾನ." ಮುದುಕ ಎದ್ದು ಬಂದ. "ಹರಪನಹಳ್ಳಿ ಎಲ್ಲಿ, ಗುಡೇಕೋಟೆ ಎಲ್ಲಿ! ಕೊಡ್ರಿ ಇಲ್ಲಿ, ನೋಡೋಣ."

ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ದೂರ ಹಿಡಿದು ನೋಡಿದ. ಮತ್ತೆ ಹತ್ತಿರ ಹಿಡಿದ.

"ಅಪ್ಪಾ, ಆ ಕಡಗ ಊರಾಗ ಯಾರ ಟಗರಿಗೂ ಇಲ್ಲಲ್ಲ," ಎಂದಳು ಮೇಘಾ. "ಒಂದೇ ಅಲ್ಲೇನು ಇರೋದು?"

"ಎರಡು," ಎಂದ ಉಚ್ಚಂಗೆಪ್ಪ.

"ಎರಡು?"

"ನಮ್ಮಪ್ಪ ಕೂಡ್ಲಿಗಿಯಾಗ ಜೋಡಿ ಮಾಡಿಸಿದ್ದ. ಒಂದು ನನ್ನ ಹಿಂಡಿನ ಮುಂದಾಳು ಟಗರಿಗೆ, ಒಂದು ನನ್ನ ತಮ್ಮ ಮೈಲಾರಪ್ಪನ ಹಿಂಡಿನ ಟಗರಿಗೆ. ನೀನು ಸಣ್ಣಾಕಿ, ನಿನಗ ನೆನಪಿಲ್ಲ." ಮುದುಕ ಫೋನನ್ನು ಎದೆಗೆ ಒತ್ತಿಕೊಂಡ. "ಹನ್ನೊಂದು ವರ್ಷದ ಹಿಂದ ಹಲವಾಗಲ ಹತ್ರ ಹೊಳಿ ದಾಟಸುವಾಗ ನೀರು ಏರಿಬಿಡ್ತು. ಅವನೂ ಹೋದ, ಅವನ ಟಗರೂ ಹೋತು. ಎಂಟು ದಿನ ಹುಡುಕಿದ್ವಿ. ಕಂಬಳಿ ಒಂದು ಸಿಕ್ತು. ಸತ್ತಾನಂತ ದಿನ ಮಾಡಿ ಮುಗಿಸಿದ್ವಿ."

ಸೌಭಾಗ್ಯ ನೋಡಿದ್ದು ಮುದುಕನನ್ನಲ್ಲ, ಕನಕರಾಜನನ್ನು. ಹೊಳೆಯ ಮಾತು ಬಂದಾಗ ಎಲ್ಲರ ಮುಖದಲ್ಲೂ ಬೆರಗು ಇತ್ತು. ಅವನೊಬ್ಬನ ಮುಖದಲ್ಲಿ ಇರಲಿಲ್ಲ.

"ಕನಕರಾಜಣ್ಣ," ಎಂದು ಮೆಲ್ಲಗೆ ಕೇಳಿದಳು. "ಇದು ನೀವೇ ಕೈ ಚಾಚಿ ತೆಗೆದ ಫೋಟೋ ಅಲ್ಲ. ನಿಮ್ಮ ಎರಡೂ ಕೈ ಫೋಟೋದೊಳಗ ಅದಾವ. ತೆಗೆದಾವ ಯಾರು?"

ಕನಕರಾಜ ರುಮಾಲನ್ನು ಹಿಂಡಿದ. ಬಿಚ್ಚಿದ. ಮತ್ತೆ ಹಿಂಡಿದ.

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಹೋದ ತಿಂಗಳು ಸಂತೇಲಿ ಸಿಕ್ಕಿದ್ರು. ಹೆಸರು ಕೇಳಿದ್ರೆ ಹೇಳಲಿಲ್ಲ. ಸರದಾರನ್ನ ಕೊಡಿಸು, ಎಷ್ಟಾದ್ರೂ ಸರಿ, ಅಂದ್ರು. ಮೂರು ಸಲ ನಾ ಕೇಳಿದ್ದು ಅವರ ಸಲುವಾಗಿ. ಗುರುವಾರ ಅವರೇ ಫೋನ್ ಮಾಡಿ, ಆ ಫೋಟೋ ಇವತ್ತು ಹಾಕು, ನಿನ್ನ ಮೇಲೆ ಬರಬಾರದು, ಅಂದ್ರು. ಹಾಕಿದೆ." ತಲೆಯೆತ್ತಿ ಉಚ್ಚಂಗೆಪ್ಪನನ್ನೇ ನೋಡಿದ. "ಯಾರು ಅಂತ ನಂಗೆ ಗೊತ್ತಿಲ್ಲ ಯಜಮಾನ್ರೆ. ಆದ್ರೆ ಮುಖ ನಿಮ್ದೇ. ಹುಬ್ಬಿನ ಮೇಲೆ ಒಂದು ಗಾಯದ ಗುರ್ತು, ಅಷ್ಟೇ ಫರಕ್."

ಉಚ್ಚಂಗೆಪ್ಪನ ಕೈಯಿಂದ ಫೋನ್ ಜಾರಿತು. ಹಾಲೇಶಪ್ಪ ಬಗ್ಗಿ ಹಿಡಿದರು. ಮುದುಕನ ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. "ಬದುಕ್ಯಾನ," ಎಂದ. "ನನ್ನ ತಮ್ಮ ಬದುಕ್ಯಾನ! ಲೇ ಮೇಘಾ, ನಿಮ್ಮ ಕಾಕಾ! ಟಗರು ಒಯ್ದರ ಒಯ್ಲಿ, ಹಿಂಡೇ ಒಯ್ಲಿ!"

ಮೇಘಾ ಕನಕರಾಜನ ಜೇಬಿಗೇ ಕೈ ಹಾಕಿ ಅವನ ಫೋನ್ ತೆಗೆದಳು. "ಯಾವ ನಂಬರ್?"

ಅವನು ಬೆರಳಿಟ್ಟು ತೋರಿಸಿದ. ಅವಳು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

ನಾಲ್ಕು ಸಲ ರಿಂಗಾಯಿತು. ಐದನೆಯದಕ್ಕೆ ಯಾರೋ ಎತ್ತಿದರು. ಮೊದಲು ಗಾಳಿಯ ಸದ್ದು. ಅದರ ಹಿಂದೆ ಟಗರೊಂದು ಗಟ್ಟಿಯಾಗಿ ಕೂಗಿದ್ದು ಕೇಳಿಸಿತು. ಮೇಘಾ ಕಣ್ಣರಳಿಸಿದಳು. "ಸರದಾರ!"

"ಹೇಳು ಕನಕರಾಜ," ಎಂದಿತು ಒಂದು ದನಿ.

ಪಕ್ಕದಲ್ಲಿ ನಿಂತ ಉಚ್ಚಂಗೆಪ್ಪನೇ ಮಾತಾಡಿದಂತಿತ್ತು.

"ನಾನು ಮೇಘಾ," ಎಂದಳು ಹುಡುಗಿ. "ಉಚ್ಚಂಗೆಪ್ಪನ ಮಗಳು."

ಆ ಕಡೆ ಟಗರು ಮತ್ತೊಮ್ಮೆ ಕೂಗಿತು.

"ಬುಧವಾರ ನಿನ್ನ ಮದಿವಿ ಅಂತಲ್ಲವ್ವ," ಎಂದಿತು ದನಿ, ಈಗ ತುಸು ಮೆತ್ತಗಾಗಿ. "ಚಲೋ ಆಗಲಿ. ನಿಮ್ಮಪ್ಪ ಬಾಜು ಅದಾನೇನು?"

"ಅದಾನ."

"ಮೈಲಾರಾ!" ಉಚ್ಚಂಗೆಪ್ಪ ಎರಡೂ ಕೈ ಚಾಚಿ ಫೋನಿನ ಕಡೆ ನುಗ್ಗಿದ. "ಲೇ ತಮ್ಮಾ! ಎಲ್ಲದೀಯೋ? ಈಗಿಂದೀಗ ಬರ್ತೀನಿ!"

"ಫೋನ್ ಅವನ ಕೈಗೆ ಕೊಡಬ್ಯಾಡವ್ವ," ಎಂದಿತು ದನಿ. "ಮೊದಲು ಒಂದು ಮಾತು ಕೇಳು ಅವನ್ನ. ಅವತ್ತು ಹೊಳಿಯಾಗ ಹಗ್ಗದ ಒಂದು ತುದಿ ನನ್ನ ಸೊಂಟಕ್ಕ ಕಟ್ಟಿತ್ತು. ದಂಡಿ ಮ್ಯಾಲ ನಿಂತು ಇನ್ನೊಂದು ತುದಿ ಕೈಬಿಟ್ಟಾವ ಯಾರು ಅಂತ ಕೇಳು."

ಉಚ್ಚಂಗೆಪ್ಪನ ಚಾಚಿದ ಕೈಗಳು ಹಾಗೇ ಗಾಳಿಯಲ್ಲಿ ನಿಂತವು.